ಲಕೋಟೆಯೊಳಗಿನ ನಡೆ

ದೆವ್ವ, ಶಕುನ, ಸತ್ತವರ ಸುಳಿವು ಎಂದೆಲ್ಲ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಮಬ್ಬಿನಲ್ಲಿ ಹಗ್ಗ ಹಾವಾಗಿ ಕಾಣುತ್ತದೆ, ಅಷ್ಟೇ ಕಣ್ರೀ ಎಂದು ವಾದಿಸಿ ಎದುರಿನವರ ಬಾಯಿ ಮುಚ್ಚಿಸುವುದರಲ್ಲಿ ನನಗೊಂದು ಸುಖವಿತ್ತು. ವೃತ್ತಿಯಿಂದ ನಾನು ಕಟ್ಟಡದ ಇಂಜಿನಿಯರ್. ಗೋಡೆ ಬಿರುಕು ಬಿಟ್ಟರೆ ಅದಕ್ಕೊಂದು ಕಾರಣ ಇರಲೇಬೇಕು, ಹುಡುಕಿದರೆ ಸಿಗಲೇಬೇಕು ಎಂದು ನಂಬಿ ಬದುಕಿದವನು. ಈಗ ಬರೆಯಹೊರಟಿರುವ ಸಂಗತಿಯನ್ನು ಇಷ್ಟು ವರ್ಷ ನನ್ನ ಹೆಂಡತಿ ಮತ್ತು ಇನ್ನೊಬ್ಬರನ್ನು ಬಿಟ್ಟರೆ ಯಾರಿಗೂ ಹೇಳಿಲ್ಲ. ನಾನು ಯಾರು ಯಾರನ್ನು ಗೇಲಿ ಮಾಡಿದ್ದೆನೋ ಅವರೆಲ್ಲ ಒಟ್ಟಿಗೆ ಬಂದು ನನ್ನನ್ನು ಗೇಲಿ ಮಾಡುತ್ತಾರೆಂಬ ಅಂಜಿಕೆ ಇತ್ತು. ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೂ ನಂಬುತ್ತಿರಲಿಲ್ಲ.

ನಾನು ಮೈಸೂರಿನವನು. ಎಂಬತ್ತರ ದಶಕದಲ್ಲಿ ಕುವೈತಿನ ಅಹ್ಮದಿಯಲ್ಲಿ ಕೆಲಸಕ್ಕಿದ್ದೆ. ಅಲ್ಲಿನ ಒಂದು ಕ್ಲಬ್ಬಿನ ಹಾಲಿನಲ್ಲಿ ಪ್ರತಿ ಬೇಸಿಗೆಯಲ್ಲೂ ನಮ್ಮ ದೇಶದವರೆಲ್ಲ ಸೇರಿ ಚೆಸ್ ಟೂರ್ನಮೆಂಟ್ ನಡೆಸುತ್ತಿದ್ದರು. ಕಾಲೇಜಿನ ದಿನಗಳಲ್ಲಿ ನಾನು ಒಳ್ಳೆಯ ಆಟಗಾರ ಎನಿಸಿಕೊಂಡಿದ್ದೆ. ಅಲ್ಲಿಗೆ ಹೋದ ಮೇಲೆ ಸತತ ನಾಲ್ಕು ವರ್ಷ ಮೊದಲ ಸ್ಥಾನ ನನ್ನದೇ. ಕೊನೆಯ ಸ್ಥಾನ ಯಾವಾಗಲೂ ಸಂಜೀವಣ್ಣನದು.

ಸಂಜೀವಣ್ಣ ಮೂಲ್ಕಿ ಕಡೆಯ ತುಳುವರು. ಮೀನಾ ಅಬ್ದುಲ್ಲಾದ ಕಾರ್ಮಿಕರ ಕ್ಯಾಂಪಿನಲ್ಲಿ ಮೆಸ್ ನೋಡಿಕೊಳ್ಳುತ್ತಿದ್ದರು. ನೂರಾರು ಜನರಿಗೆ ಅನ್ನ ಸಾರು ಬಡಿಸಿ, ಕೈತೊಳೆದು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಆಟಕ್ಕೆ ಬರುತ್ತಿದ್ದರು. ಮದುವೆ ಮನೆಗೆ ಬಂದವರ ಸಂಭ್ರಮ ಅವರ ಮುಖದಲ್ಲಿ. ಸೋತರೆ ಗೆದ್ದವನ ಕೈಕುಲುಕಿ, "ಇವತ್ತು ಒಂದು ಹೊಸತು ಕಲಿತೆ ಮಾರಾಯ್ರೆ" ಎನ್ನುತ್ತಿದ್ದರು. ಬೆರಳಲ್ಲೊಂದು ತಾಮ್ರದ ಉಂಗುರ. ಕಾಯಿ ನಡೆಸುವ ಮೊದಲು ಅದರಿಂದ ಮೇಜಿನ ಅಂಚಿಗೆ ಎರಡು ಸಲ ತಟ್ಟುವುದು ಅವರ ಅಭ್ಯಾಸ. ಆ ಟಕ್ ಟಕ್ ಕೇಳಿದರೆ ನನಗೆ ಮೈ ಉರಿಯುತ್ತಿತ್ತು.

ಅವರು ಆಟ ಕಲಿತದ್ದು ಊರಿನಲ್ಲಿ, ಅಜ್ಜನಿಂದ. ನಮ್ಮ ಊರುಮನೆಗಳಲ್ಲಿ ಆಡುವ ಹಳೆಯ ಚದುರಂಗದಲ್ಲಿ ಒಂದು ಪದ್ಧತಿಯಿದೆ. ರಾಜನಿಗೆ ಇನ್ನೂ ಒಂದು ಸಲವೂ ಚೆಕ್ ಬಿದ್ದಿಲ್ಲದಿದ್ದರೆ, ಇಡೀ ಆಟದಲ್ಲಿ ಒಂದೇ ಒಂದು ಸಲ ಅವನು ಕುದುರೆಯ ಹಾಗೆ ಹಾರಬಹುದು. ಟೂರ್ನಮೆಂಟಿನ ನಿಯಮದಲ್ಲಿ ಅದಿಲ್ಲ. ಅಲ್ಲಿ ರಾಜ ಯಾವಾಗಲೂ ಒಂದೇ ಮನೆ ನಡೆಯುವ ಬಡಪಾಯಿ. ನನ್ನೆದುರು ಆಡಿದ ಮೊದಲ ಆಟದಲ್ಲೇ ಸಂಜೀವಣ್ಣ ಮೈಮರೆತು ರಾಜನನ್ನು ಹಾರಿಸಿಬಿಟ್ಟರು. ನಾನು ಹಾಲಿಗೆಲ್ಲ ಕೇಳುವ ಹಾಗೆ, "ಸಂಜೀವಣ್ಣ, ಇದು ನಿಮ್ಮ ಅಜ್ಜನ ಜಗಲಿ ಅಲ್ಲ" ಎಂದೆ. ಎಲ್ಲರೂ ನಕ್ಕರು. ಅವರೂ ನಕ್ಕರು, ಆದರೆ ಕಿವಿ ಕೆಂಪಾಗಿತ್ತು. ಆಮೇಲೆ ಅವರು ಆ ತಪ್ಪನ್ನು ಮತ್ತೆ ಯಾರೆದುರೂ ಮಾಡಲಿಲ್ಲ.

ತೊಂಬತ್ತನೆಯ ಇಸವಿಯ ಬೇಸಿಗೆ. ಹದಿನೆಂಟು ವರ್ಷದ ಕೆಲಸ ಸಾಕೆಂದು ಸಂಜೀವಣ್ಣ ಖಾಯಂ ಆಗಿ ಊರಿಗೆ ಹೊರಟಿದ್ದರು. ಎರಡು ವರ್ಷಕ್ಕೊಮ್ಮೆ ಸಿಗುತ್ತಿದ್ದ ರಜೆಯಲ್ಲಷ್ಟೇ ಹೆಂಡತಿಯ ಮುಖ ಕಂಡ ಮನುಷ್ಯ. ಆಗಸ್ಟ್ ಒಂದನೆಯ ತಾರೀಕು, ಬುಧವಾರ ರಾತ್ರಿ ಬೊಂಬಾಯಿಗೆ ವಿಮಾನ. ಅದೇ ಮಧ್ಯಾಹ್ನ ಟೂರ್ನಮೆಂಟಿನ ಕೊನೆಯ ಸುತ್ತು, ನನ್ನೊಂದಿಗೆ. ಸೂಟ್‌ಕೇಸನ್ನು ಹಾಲಿಗೇ ತಂದು ಕುರ್ಚಿಯ ಪಕ್ಕದಲ್ಲಿ ಇಟ್ಟುಕೊಂಡು ಆಡಲು ಕೂತರು.

ಅಂದು ಏನಾಯಿತೋ, ಅವರು ಒಂದೂ ತಪ್ಪು ಮಾಡಲಿಲ್ಲ. ನಾನು ಹಗುರವಾಗಿ ಆಡಿದೆ, ಅವರು ಗಟ್ಟಿಯಾಗಿ ಆಡಿದರು. ಸಂಜೆ ಆರೂವರೆಗೆ ಸಮಯ ಮುಗಿದಾಗ ಹಲಗೆಯ ಮೇಲೆ ಇಬ್ಬರದೂ ಒಂದೊಂದು ಆನೆ, ಒಂದಿಷ್ಟು ಕಾಲಾಳು ಉಳಿದಿದ್ದವು. ಇನ್ನೆರಡು ಮನೆ ದಾಟಿದರೆ ಮಂತ್ರಿಯಾಗಬಲ್ಲ ಕಾಲಾಳೊಂದು ನನ್ನಲ್ಲಿತ್ತು. ಆದರೆ ಅವರು ಆನೆಯಿಂದ ಅದನ್ನು ತಡೆದರೆ ಆಟ ಸಮ. ಹೆಚ್ಚಿನ ಯೋಚನೆಯೇನೂ ಬೇಡದ ನಡೆ. ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಸಂಜೀವಣ್ಣ ತಗ್ಗಿದ ದನಿಯಲ್ಲಿ ಕೇಳಿದರು: "ಇಂಜಿನಿಯರ್ರೇ, ಡ್ರಾ ಮಾಡುವನಾ? ರಾತ್ರಿ ಫ್ಲೈಟ್ ಉಂಟು ನನ್ಗೆ."

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ನಾನು ಹೂಂ ಎನ್ನಲಿಲ್ಲ. ಮೆಸ್ಸಿನವನಿಗೆ ಅರ್ಧ ಪಾಯಿಂಟ್ ಬಿಟ್ಟುಕೊಟ್ಟ ಎಂದು ಜನ ಆಡಿಕೊಳ್ಳುವುದನ್ನು ನೆನೆದೇ ನನಗೆ ಸಂಕಟವಾಯಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಅದಕ್ಕಿಂತ ಕೆಟ್ಟ ಲೆಕ್ಕಾಚಾರವೂ ಒಂದಿತ್ತು, ಅದನ್ನು ಮುಚ್ಚಿಟ್ಟು ಈಗ ಪ್ರಯೋಜನವಿಲ್ಲ. ಇವರು ಇಂದು ರಾತ್ರಿ ಹೊರಟುಹೋದರೆ, ನಿಂತ ಆಟ ಶುಕ್ರವಾರ ಮುಂದುವರಿಯುವಾಗ ನಾನೊಬ್ಬನೇ ಬಂದು ಹಲಗೆಯ ಮುಂದೆ ಕೂತರೆ ಸಾಕು, ಪೂರ್ತಿ ಪಾಯಿಂಟ್ ನನ್ನದು.

"ಶುಕ್ರವಾರ ನೋಡೋಣ ಸಂಜೀವಣ್ಣ" ಎಂದೆ.

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ನನ್ನ ಒಳಗಿನದ್ದು ಅವರಿಗೆ ತಿಳಿಯಿತೆಂದೇ ಇಂದಿಗೂ ನನ್ನ ಅನುಮಾನ. ಆಮೇಲೆ ನಗುತ್ತ ಹೇಳಿದರು: "ಹಾಗಾದ್ರೆ ಟಿಕೆಟ್ ಮುಂದೆ ಹಾಕುವುದು. ಹದಿನೆಂಟು ವರ್ಷ ಇದ್ದವನಿಗೆ ಎರಡು ದಿನ ಎಂತ ದೊಡ್ಡದು? ಬಜಪೆ ಏರ್‌ಪೋರ್ಟಿಗೆ ಬರ್ತೇನೆ ಅಂದಿದ್ದಾಳೆ ಹೆಂಡತಿ, ಅವಳಿಗೊಂದು ಫೋನ್ ಮಾಡಿದ್ರೆ ಆಯ್ತು."

ಆ ಕಾಲದಲ್ಲಿ ಅರ್ಧಕ್ಕೆ ನಿಂತ ಆಟಕ್ಕೆ ಒಂದು ಕ್ರಮವಿತ್ತು. ಯಾರ ಸರದಿಯೋ ಅವರು ತಮ್ಮ ಮುಂದಿನ ನಡೆಯನ್ನು ಹಲಗೆಯ ಮೇಲೆ ಆಡದೆ, ಯಾವ ಕಾಯಿ, ಯಾವ ಅಕ್ಷರ ಅಂಕಿಯ ಮನೆಗೆ ಎಂದು ಗುಟ್ಟಾಗಿ ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ ಅಂಟಿಸಬೇಕು. ಅಂಟಿನ ಮೇಲೆ ಇಬ್ಬರೂ ಸಹಿ ಹಾಕಬೇಕು. ಆಟ ಮತ್ತೆ ಶುರುವಾಗುವ ದಿನ ತೀರ್ಪುಗಾರರು ಅದನ್ನು ಒಡೆದು ಆ ನಡೆಯನ್ನು ಆಡಿಸುತ್ತಾರೆ. ಬರೆದ ನಡೆ ನಿಯಮಕ್ಕೆ ಹೊರತಾಗಿದ್ದರೆ ಬರೆದವನು ಸೋತಂತೆ. ಸಂಜೀವಣ್ಣನ ಸರದಿ ಇತ್ತು. ಅವರು ಎಡಗೈ ಮರೆಮಾಡಿ ಬರೆದು, ಅಂಟಿಸಿ, ಲಕೋಟೆಯನ್ನು ತೀರ್ಪುಗಾರ ಪಿಂಟೋ ಮಾಸ್ತರರ ಕೈಗೆ ಕೊಟ್ಟರು. ಪಿಂಟೋ ಮಂಗಳೂರಿನವರು, ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದರು, ಹವಲ್ಲಿಯಲ್ಲಿ ಮನೆ. ಅವರು ಲಕೋಟೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

ಮರುದಿನ ಬೆಳಗಾಗುವಷ್ಟರಲ್ಲಿ ಇರಾಕಿನ ಟ್ಯಾಂಕುಗಳು ಊರೊಳಗಿದ್ದವು. ಸಂಜೀವಣ್ಣ ಹತ್ತಬೇಕಿದ್ದ ಆ ರಾತ್ರಿಯ ವಿಮಾನ ಸುರಕ್ಷಿತವಾಗಿ ಬೊಂಬಾಯಿ ಮುಟ್ಟಿತ್ತು.

ಗುರುವಾರ ಹತ್ತು ಗಂಟೆಯ ಹೊತ್ತಿಗೆ ನನ್ನ ಮನೆಯ ಫೋನ್ ರಿಂಗಾಯಿತು. ಸಂಜೀವಣ್ಣ. "ಇಂಜಿನಿಯರ್ರೇ, ನಾಳೆ ಆಟ ಉಂಟಲ್ವಾ?" ಎಂದು ಕೇಳಿದರು. ನಾನು ರೇಗಿದೆ. ಊರಿಗೆ ಊರೇ ಹೊತ್ತಿ ಉರಿಯುವಾಗ ನಿಮಗೆ ಆಟವೇ ಎಂದು ಬೈದು ಫೋನ್ ಇಟ್ಟುಬಿಟ್ಟೆ. ಅದೇ ನಮ್ಮ ಕೊನೆಯ ಮಾತು.

ಆಗಸ್ಟ್ ಕೊನೆಯಲ್ಲಿ ನಾನು ಬಸ್ಸು ಹತ್ತಿ, ಬಾಗ್ದಾದ್ ದಾಟಿ, ಅಮ್ಮಾನಿನಿಂದ ವಿಮಾನ ಹಿಡಿದು ಮನೆ ಸೇರಿದೆ. ಸಂಜೀವಣ್ಣ ಹೊರಡಲಿಲ್ಲ. ಕ್ಯಾಂಪಿನಲ್ಲಿ ಜನ ಇನ್ನೂ ಇದ್ದಾರೆ, ಬೇಯಿಸಿ ಹಾಕುವವರು ಯಾರು ಎಂದು ಉಳಿದರಂತೆ. ಸೆಪ್ಟೆಂಬರಿನಲ್ಲಿ ಕೊನೆಯ ತಂಡದೊಂದಿಗೆ ಹೊರಟವರು ಜೋರ್ಡಾನ್ ಗಡಿಯ ಡೇರೆಯಲ್ಲಿ ಜ್ವರ ಬಂದು ಮಲಗಿ ಅಲ್ಲೇ ತೀರಿಕೊಂಡರು. ಅವರ ಜೊತೆಗಿದ್ದ ಅಡುಗೆಯವರೊಬ್ಬರು ನನಗೆ ಕಾಗದ ಬರೆದು ತಿಳಿಸಿದರು. ಆ ಕಾಗದ ಓದಿದ ದಿನ ನಾನು ಊಟ ಮಾಡಲಿಲ್ಲ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಹೆಂಡತಿ ಸಮಾಧಾನ ಹೇಳಿದಳು. ನಾನು ಡ್ರಾ ಕೊಟ್ಟಿದ್ದರೆ ಅವರು ಬದುಕಿರುತ್ತಿದ್ದರು ಎಂಬ ಮಾತನ್ನು ಆಕೆಗೆ ಆಗ ಹೇಳಿರಲೇ ಇಲ್ಲ.

ಯುದ್ಧ ಮುಗಿದ ಮೇಲೆ, ತೊಂಬತ್ತೊಂದರ ಬೇಸಿಗೆಯಲ್ಲಿ, ಹಾಳಾದ ಕಟ್ಟಡಗಳ ಪಟ್ಟಿ ಮಾಡುವುದಕ್ಕೆ ಕಂಪನಿ ನನ್ನನ್ನು ಮತ್ತೆ ಅಹ್ಮದಿಗೆ ಕರೆಸಿತು. ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು. ಗಾಳಿ ನಮ್ಮ ಕಡೆ ತಿರುಗಿದ ದಿನ ನಡು ಮಧ್ಯಾಹ್ನವೇ ರಾತ್ರಿ. ಹನ್ನೆರಡು ಗಂಟೆಗೆ ಕಾರುಗಳು ದೀಪ ಹಾಕಿಕೊಂಡು ಓಡುತ್ತಿದ್ದವು. ಅಂಗಿಯ ಮೇಲೆ, ಕನ್ನಡಕದ ಮೇಲೆ ಎಣ್ಣೆಯ ಸಣ್ಣ ಹನಿ ಕೂರುತ್ತಿತ್ತು. ಅಂಥದೊಂದು ದಿನ ನನ್ನ ಪಟ್ಟಿಯಲ್ಲಿ ಆ ಕ್ಲಬ್ಬಿನ ಸರದಿ ಬಂತು.

ಡ್ರೈವರ್ ಗುಲ್ ಭಾಯಿಗೆ ಹೊಗೆ ಆಗುತ್ತಿರಲಿಲ್ಲ. ಅವನು ಗಾಜು ಏರಿಸಿಕೊಂಡು ಕಾರಿನಲ್ಲೇ ಉಳಿದ. ನಾನು ಟಾರ್ಚ್ ಹಿಡಿದು ಒಳಹೋದೆ. ಹಾಲ್ ಬರಿದಾಗಿತ್ತು. ಏರ್ ಕಂಡೀಷನರ್, ಫ್ಯಾನು, ಪರದೆ ಎಲ್ಲ ಕಿತ್ತೊಯ್ದಿದ್ದರು. ಉಳಿದದ್ದು ಒಂದು ಮೇಜು, ಎರಡು ಕುರ್ಚಿ, ಮುರಿದ ಕಪಾಟು. ನೆಲದ ಮೇಲೆ ಬೆರಳು ಒತ್ತಿದರೆ ಗುರುತು ಮೂಡುವಷ್ಟು ದಪ್ಪ ಮಸಿ. ಕಪಾಟಿನ ತಳದಲ್ಲಿ ಸುರುಳಿ ಸುತ್ತಿದ ರೆಕ್ಸಿನ್ ಹಲಗೆಯೊಂದು, ಒಂದು ಚೀಲದಲ್ಲಿ ಕಾಯಿಗಳು ಸಿಕ್ಕವು. ಬೇಡದವೆಂದು ಬಿಟ್ಟುಹೋಗಿದ್ದರು.

ನಾನು ಆ ಕಡೆ ಹೋದದ್ದು ಗೋಡೆ ಸೂರು ನೋಡುವುದಕ್ಕೆ. ಆದರೆ ಕೈ ತಾನಾಗಿ ಹಲಗೆ ಬಿಚ್ಚಿತು. ಅಂದಿನ ಆಟದ ಸ್ಥಿತಿ ನನಗೆ ಬಾಯಿಪಾಠವಾಗಿತ್ತು, ಒಂದು ವರ್ಷದಿಂದ ಅದನ್ನು ಬಿಟ್ಟು ಬೇರೇನು ಧ್ಯಾನಿಸಿದ್ದೆ? ಒಂದೊಂದಾಗಿ ಕಾಯಿ ಜೋಡಿಸಿದೆ. ಅಷ್ಟರಲ್ಲಿ ಹೊರಗೆ ಹಾರ್ನ್ ಕೇಳಿತು. ಬಾಗಿಲಿಗೆ ಹೋಗಿ ನೋಡಿದರೆ ಗುಲ್ ಭಾಯಿ ಗಾಜು ಚೂರು ಇಳಿಸಿ, "ಯಲ್ಲಾ ಸಾಬ್, ದಮ್ ಘುಟ್ ರಹಾ ಹೈ" ಎಂದು, ಉಸಿರು ಕಟ್ಟುತ್ತಿದೆ ಬೇಗ ಬನ್ನಿ ಎಂದು ಅವಸರಪಡಿಸಿದ. ಐದು ನಿಮಿಷ ಎಂದು ಕೈ ತೋರಿಸಿ ವಾಪಸ್ಸು ಬಂದೆ.

ಸಂಜೀವಣ್ಣನ ರಾಜ ನಾನಿಟ್ಟ ಮನೆಯಲ್ಲಿರಲಿಲ್ಲ. ಎರಡು ಮನೆ ಅಡ್ಡ, ಒಂದು ಮನೆ ಮುಂದೆ, ನನ್ನ ಕಾಲಾಳಿನ ಮಗ್ಗುಲಲ್ಲಿ ನಿಂತಿದ್ದ.

ಜೋಡಿಸುವಾಗ ನಾನೇ ತಪ್ಪಿರಬೇಕು ಎಂದುಕೊಂಡೆ. ಟಾರ್ಚಿನ ಬೆಳಕು, ಎಣ್ಣೆ ಹಿಡಿದ ಕನ್ನಡಕ, ಇದರಲ್ಲೇನು ಆಶ್ಚರ್ಯ? ರಾಜನನ್ನು ಎತ್ತಿ ಅವನ ಮನೆಯಲ್ಲಿಟ್ಟು, ಸರಿಯಾಗಿದೆಯೆಂದು ಎರಡು ಸಲ ನೋಡಿ, ನನ್ನ ಹಳೆಯ ಕುರ್ಚಿಯಲ್ಲಿ ಕೂತೆ. ಎದುರಿನ ಕುರ್ಚಿ ಖಾಲಿ. ಯಾರೂ ಇಲ್ಲವೆಂಬ ಧೈರ್ಯದಲ್ಲಿ ಗಟ್ಟಿಯಾಗಿಯೇ ಹೇಳಿದೆ: "ಸಂಜೀವಣ್ಣ, ಡ್ರಾ. ನಾನು ಒಪ್ಪಿದೆ."

ಕಣ್ಣು ತುಂಬಿ ಬಂತು. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದೆ. ಆಗ ಮೇಜಿನ ಆ ಕಡೆಯ ಅಂಚಿನಲ್ಲಿ ಟಕ್ ಟಕ್ ಎಂದು ಎರಡು ಸಲ ಸದ್ದಾಯಿತು. ಕನ್ನಡಕ ಏರಿಸಿ ನೋಡಿದೆ. ರಾಜ ಮತ್ತೆ ಅದೇ ಜಾಗದಲ್ಲಿ, ಮನೆಯ ನಟ್ಟನಡುವೆ, ನೆಟ್ಟಗೆ ನಿಂತಿದ್ದ.

ಕಿಟಕಿಯ ಗಾಜು ಒಡೆದಿತ್ತು, ನಿಜ. ಗಾಳಿ ಕಾಯಿಯನ್ನು ಉರುಳಿಸಬಹುದು, ಎತ್ತಿ ಇಡುವುದಿಲ್ಲ. ಟಾರ್ಚಿನ ಬೆಳಕನ್ನು ನೆಲದ ಮೇಲೆ ಬಿಟ್ಟೆ. ಮಸಿಯಲ್ಲಿ ನನ್ನ ಬೂಟಿನ ಹೆಜ್ಜೆಗಳು ಬಿಟ್ಟರೆ ಬೇರೆ ಯಾವ ಗುರುತೂ ಇರಲಿಲ್ಲ. ನನಗೆ ಭಯವಾಯಿತೆಂದು ಹೇಳಿದರೆ ಪೂರ್ತಿ ಸರಿಯಲ್ಲ. ಬೈಸಿಕೊಂಡ ಮಗುವಿನ ಹಾಗೆ ಸುಮ್ಮನೆ ಕೂತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಮತ್ತೆ ಹಾರ್ನ್ ಕೇಳಿದಾಗ ಎದ್ದು ಬಂದೆ. ಕಾಯಿಗಳನ್ನು ಹಾಗೇ ಬಿಟ್ಟು ಬಂದೆ.

ಆ ವಾರವೇ ಹವಲ್ಲಿಗೆ ಹೋದೆ. ಪಿಂಟೋ ಮಾಸ್ತರರು ಯುದ್ಧದುದ್ದಕ್ಕೂ ಅಲ್ಲೇ ಇದ್ದವರು, ತೀರಾ ಇಳಿದುಹೋಗಿದ್ದರು. ಲಕೋಟೆ ಇದೆಯೇ ಎಂದು ಕೇಳಿದೆ. ಅವರು ಪಾಸ್‌ಪೋರ್ಟ್, ವಾಸದ ಪರವಾನಗಿ ಇಕಾಮಾ ಇಟ್ಟಿದ್ದ ಬಟ್ಟೆಯ ಚೀಲ ತಂದು, ಅದರೊಳಗಿಂದ ಮಡಚಿದ ಲಕೋಟೆ ತೆಗೆದರು. ಅಂಟು ಹಾಗೇ ಇತ್ತು. ಅದರ ಮೇಲೆ ನನ್ನ ಸಹಿ, ಸಂಜೀವಣ್ಣನ ಸಹಿ.

"ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ಆಟ ಮುಗೀಲಿಲ್ಲ ಅಲ್ವಾ" ಎಂದರು ಪಿಂಟೋ.

ಒಡೆಯುವ ಮೊದಲು ನಾನು ಹೇಳಿದೆ: "ಒಳಗೆ ಇರುವುದು ರಾಜನ ನಡೆ. ಕುದುರೆಯ ಹಾಗೆ ಹಾರಿ ಇ ಆರನೇ ಮನೆಗೆ."

ಪಿಂಟೋ ನನ್ನನ್ನು ವಿಚಿತ್ರವಾಗಿ ನೋಡಿದರು. "ನಿಮ್ಗೆ ತಲೆ ಸರಿ ಉಂಟಾ? ಆನೆ ನಡೆಸಿದ್ರೆ ಡ್ರಾ ಅಂತ ಮಕ್ಕಳಿಗೂ ಗೊತ್ತಾಗ್ತದೆ. ಅವರು ಆ ತಪ್ಪು ಬಿಟ್ಟು ಎಷ್ಟು ವರ್ಷ ಆಯ್ತು" ಎನ್ನುತ್ತ ಲಕೋಟೆ ಹರಿದರು. ಚೀಟಿಯಲ್ಲಿ ದುಂಡನೆಯ ಕನ್ನಡ ಅಕ್ಷರದಲ್ಲಿ ಬರೆದಿತ್ತು: ರಾಜ, ಇ ಆರು.

ಪಿಂಟೋ ಚೀಟಿಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದರು. ನಾನು ಹಾಲಿನಲ್ಲಿ ನಡೆದದ್ದನ್ನು ಹೇಳಿದೆ. ಅವರು ಶಿಲುಬೆಯ ಗುರುತು ಹಾಕಿಕೊಂಡರು. ಆಮೇಲೆ ಹಲಗೆ ತಂದು ಆಟ ಜೋಡಿಸಿ ನೋಡಿದರು. ಅಂದಿನ ಆಟದಲ್ಲಿ ಸಂಜೀವಣ್ಣನ ರಾಜನಿಗೆ ನಾನು ಒಮ್ಮೆಯೂ ಚೆಕ್ ಕೊಟ್ಟಿರಲಿಲ್ಲ. ಅಜ್ಜನ ಪದ್ಧತಿಯ ಪ್ರಕಾರ ಅವನು ಹಾರಬಹುದಿತ್ತು. ಹಾರಿದರೆ ನನ್ನ ಕಾಲಾಳು ಹೋಗುತ್ತಿತ್ತು, ಅದರ ಹಿಂದೆ ಆಟವೂ.

"ಅವರ ಊರಿನ ಕ್ರಮದಲ್ಲಿ ಅವರು ಗೆದ್ರು. ನಮ್ಮ ಪುಸ್ತಕದ ಕ್ರಮದಲ್ಲಿ ನೀವು ಗೆದ್ರಿ. ಅರ್ಧ ಅರ್ಧ ಹಾಕುವಾ, ಖಲಾಸ್" ಎಂದು ಪಿಂಟೋ ಫಲಿತಾಂಶದ ಹಾಳೆಯಲ್ಲಿ ಡ್ರಾ ಎಂದು ಬರೆದು ಸಹಿ ಹಾಕಿದರು.

ಆ ಹಾಳೆಯ ಒಂದು ಪ್ರತಿಯನ್ನು ಸಂಜೀವಣ್ಣನ ಹೆಂಡತಿಗೆ ಕಳಿಸಿದೆ. ನಿಮ್ಮ ಯಜಮಾನರು ಕೊನೆಯ ಆಟವನ್ನು ಬಹಳ ಚೆನ್ನಾಗಿ ಆಡಿದರು, ಡ್ರಾ ಆಯಿತು ಎಂದು ಬರೆದೆ. ಟಿಕೆಟಿನ ವಿಷಯ ಬರೆಯುವ ಧೈರ್ಯ ಬರಲಿಲ್ಲ.

ಎರಡು ತಿಂಗಳ ಮೇಲೆ ಆಕೆಯಿಂದ ಉತ್ತರ ಬಂತು. ಕ್ಷೇಮ ಸಮಾಚಾರ ಮುಗಿದ ಮೇಲೆ ಕೆಳಗೆ ಹೀಗಿತ್ತು: "ಅವರು ಹೊರಡುವ ದಿನ ಸಂಜೆ ಫೋನ್ ಮಾಡಿದ್ದರು. ಎರಡು ದಿನ ತಡವಾಗ್ತದೆ ಅಂದರು. ಯಾಕೆ ಅಂತ ನಾನು ಜೋರು ಮಾಡಿದೆ. ಇಂಜಿನಿಯರ್ರು ಡ್ರಾ ಕೇಳಿದರು, ನಾನೇ ಬೇಡ ಅಂದೆ, ಶುಕ್ರವಾರ ಗೆದ್ದೇ ಬರ್ತೇನೆ ಅಂದರು. ಅಷ್ಟು ಖುಷಿಯಲ್ಲಿ ಅವರು ಮಾತಾಡಿದ್ದು ನಾನು ಕೇಳಿರಲಿಲ್ಲ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ."

ಹೆಂಡತಿಯೆದುರು ಸ್ವಲ್ಪ ದೊಡ್ಡಸ್ತಿಕೆ ಕೊಚ್ಚಿಕೊಂಡರೋ, ಅಥವಾ ನನ್ನ ಮಾನ ಕಾಪಾಡಿದರೋ ನನಗೆ ಗೊತ್ತಿಲ್ಲ. ಸೋಲುತ್ತೇನೆಂದು ಗೊತ್ತಿದ್ದೂ ಆ ನಡೆ ಬರೆದರೋ, ಸಂತೋಷದಲ್ಲಿ ಮೈಮರೆತು ಅಜ್ಜನ ಜಗಲಿಗೇ ಹೋಗಿಬಿಟ್ಟಿದ್ದರೋ, ಅದೂ ಗೊತ್ತಿಲ್ಲ. ಹಾಲಿನಲ್ಲಿ ನಡೆದದ್ದಕ್ಕೆ ಇಷ್ಟು ವರ್ಷ ಕಾರಣ ಹುಡುಕಿದ್ದೇನೆ. ಒಂದು ಕಾಲದಲ್ಲಿ ಅವರನ್ನು ಹಂಗಿಸಿದ ನೆನಪು ಒಳಗೆ ಕೊರೆಯುತ್ತಿತ್ತು, ನನ್ನ ಕೈಯೇ ನನಗರಿಯದೆ ರಾಜನನ್ನು ಹಾರಿಸಿರಬಹುದು ಎಂದು ಹೇಳಿಕೊಂಡಿದ್ದೇನೆ. ಇದು ನಾನು ಬೇರೆಯವರಿಗೆ ಕೊಡುತ್ತಿದ್ದಂಥ ಉತ್ತರವೇ. ಆದರೆ ಆಗ ನನ್ನ ಎರಡು ಕೈಯಲ್ಲೂ ಕನ್ನಡಕವಿತ್ತು. ಹಾರುವುದಕ್ಕೆ ಬೇರೆ ಮನೆಗಳೂ ಇದ್ದವು, ನಾನು ಕಂಡದ್ದೂ ಅವರು ಬರೆದದ್ದೂ ಒಂದೇ ಮನೆ.

ಆ ಕಾಗದ ಬಂದ ಸಂಜೆ ಮನೆಯಲ್ಲಿ ಹಲಗೆ ಹಾಕಿ ಆಟ ಜೋಡಿಸಿದೆ. ನಾನು ಡ್ರಾ ಒಪ್ಪಿದೆ ಎಂದಾಗ ಮೇಜು ತಟ್ಟಿ ರಾಜನನ್ನು ಹಾರಿಸಿದ್ದು ಯಾಕೆಂದು ಆಗ ಹೊಳೆಯಿತು. ನನ್ನ ಡ್ರಾ ಅವರಿಗೆ ಬೇಕಾಗಿರಲಿಲ್ಲ. ಸಂಜೀವಣ್ಣನ ರಾಜನನ್ನು ಎತ್ತಿ ಇ ಆರನೇ ಮನೆಯಲ್ಲಿಟ್ಟು, ಸೋಲೊಪ್ಪಿದವರು ಮಾಡುವ ಹಾಗೆ ನನ್ನ ರಾಜನನ್ನು ಹಲಗೆಯ ಮೇಲೆ ಮಲಗಿಸಿದೆ.